ಅವ್ವನ ತಲೆಯ ಫೋಟೋ

ನಾರಾಯಣಪೇಟೆ
೧೪ ಜುಲೈ ೨೦೨೫

ನನ್ನ ಬಂಗಾರ ಪ್ರಶಾಂತಿಗೆ ಅವ್ವನ ಅಕ್ಕರೆಯ ಹಾರೈಕೆ.

ಹೈದರಾಬಾದಿನಿಂದ ಬಂದ ಕೂಡಲೇ ಬರೆಯಬೇಕಿತ್ತು, ಮಗ್ಗದ ಮೇಲಿದ್ದ ಸೀರೆ ಬಿಡಲಿಲ್ಲ. ಮುನಿಸಿಕೊಳ್ಳಬೇಡ. ಫೋನು ಮಾಡಿದರೆ ನಿಮ್ಮತ್ತೆ ಸ್ಪೀಕರಿಗೆ ಹಾಕಿಸುತ್ತಾರೆ. ಅದಕ್ಕೇ ಸೀರೆ ಕೊಳ್ಳಲು ನಿಮ್ಮ ಗದ್ವಾಲಕ್ಕೆ ಬರುವ ಭೀಮಣ್ಣ ಮಾಮನ ಕೈಗೆ ಈ ಪತ್ರ ಕೊಟ್ಟಿದ್ದೇನೆ.

ನನ್ನ ತಲೆಯ ಫೋಟೋ ತೆಗೆದರು ಕಣೇ! ಸಂಜೆಯಾದರೆ ಕಾಲೊಳಗೆ ಇರುವೆ ಹರಿದಂತಾಗಿ ಅಲ್ಲಾಡಿಸದೆ ಇರಲಾಗುವುದಿಲ್ಲವಲ್ಲ, ಆ ಕಾಯಿಲೆಯ ಸಂಶೋಧನೆ ಮಾಡುವ ಡಾಕ್ಟರಮ್ಮ ಕರೆಸಿದ್ದರು. ಯಾವಾಗ ಕಡಿಮೆಯಾಗುತ್ತದೆ ಎಂದು ನರ್ಸು ತೆಲುಗಿನಲ್ಲಿ ಕೇಳಿದಳು. "ಗುಂತಲ ದಿಗಿತೆ ಮಂಚಿಗುಂಟದಿ" ಎಂದೆ, ಗುಂಡಿಗೆ ಇಳಿದರೆ ಆರಾಮ ಅಂತ. ಗುಂಡಿಗೆ ಬಿದ್ದವಳೆಂದು ತಿಳಿದು ಮೂಳೆ ಡಾಕ್ಟರ ಬಳಿ ಕಳಿಸಿಬಿಟ್ಟಳು! ಅವರು ಮಂಡಿ ತಟ್ಟಿ ತಟ್ಟಿ ಸುಸ್ತಾದರು. ಕಾಲು ಇಳಿಬಿಟ್ಟು ತುಳಿಯುತ್ತಾ ನೇಯುವ ಮಗ್ಗದ ಗುಂಡಿ ಎಂದರೆ ಪಟ್ಟಣದವರಿಗೇನು ಗೊತ್ತು?

ಡಾಕ್ಟರಮ್ಮ ಮಾತ್ರ ರಾಯಚೂರಿನವರು, ಗುಂಡಿಯೆಂದರೆ ಏನೆಂದು ಅವರಿಗೆ ಕೂಡಲೇ ತಿಳಿಯಿತು. ಸೂಜಿಮದ್ದು ಕೊಟ್ಟು ಯಂತ್ರದೊಳಗೆ ಮಲಗಿಸಿದರು. ಮೆದುಳಿನಲ್ಲಿ ಡೋಪಮಿನ್ ಎಂಬ ರಸವಿದೆಯಂತೆ, ಕೈಕಾಲಿನ ಚಲನೆಗೆ ಅದು ಬೇಕಂತೆ. ನಮ್ಮಂಥವರಲ್ಲಿ ಅದು ಎಲ್ಲಿ ಹದ ತಪ್ಪುತ್ತದೆ ಎಂದು ಫೋಟೋದಲ್ಲಿ ಹುಡುಕುತ್ತಾರೆ.

"ಆ ಫೋಟೋ ನನಗ ಕೊಡ್ರಿ. ಕಾಲು ಅಲ್ಲಾಡಿಸಿದ್ರ ಲಕ್ಷ್ಮಿ ಹೋಗ್ತಾಳಂತ ನಮ್ಮ ಬೀಗತಿ ಬೈತಾಳ, ತೋರಸ್ತೀನಿ" ಎಂದೆ.

"ಅಮ್ಮಾ, ಒಬ್ರ ಫೋಟೋ ನೋಡಿ ಹೇಳಾಕ ಬರಂಗಿಲ್ಲ. ಭಾಳ ಮಂದೀವು ಕೂಡಿಸಿ ನೋಡಬೇಕು, ಆಗ್ಲೂ ಎಲ್ಲಾ ಒಂದೇ ಹೇಳಂಗಿಲ್ಲ. ನಿಮಗ ಈ ಬ್ಯಾನಿ ಐತಿ ಅನ್ನಾಕ ನಿಮ್ಮ ಮಾತೇ ಸಾಕ್ಷಿ" ಎಂದರು.

ನನ್ನ ಮಾತೇ ಸಾಕ್ಷಿ! ಇಷ್ಟು ವರ್ಷ ಯಾರಾದರೂ ಹಾಗೆಂದಿದ್ದರೇ? ಖುಷಿಗೆ ಕಣ್ಣು ತುಂಬಿತು. ರಕ್ತದಲ್ಲಿ ಕಬ್ಬಿಣ ಕಡಿಮೆಯಿತ್ತಂತೆ, ಗುಳಿಗೆ ಕೊಟ್ಟಿದ್ದಾರೆ, ಈಗ ಎಷ್ಟೋ ಮೇಲು. ತಾಯಿಗಿದ್ದರೆ ಮಕ್ಕಳಿಗೂ ಬರಬಹುದಂತೆ. ಬಂದರೆ ಬರಲಿ, ಮದ್ದಿದೆ.

ನೀನು ಹಿಡಿದ ಎಳೆ ಎಂದೂ ಹರಿಯದಿರಲಿ, ಮಗಳೇ.

ನಿನ್ನ ಅವ್ವ,
ವೀರಬಸಮ್ಮ

ತಾ.ಕ.: ಯುಗಾದಿಗೆ ಬಂದಾಗ ನಿನ್ನ ಕಣಕಾಲ ಮೇಲೆ ಗುರುತು ನೋಡಿದೆ. ಕಾಲ್ಗೆಜ್ಜೆ ಬಿಗಿಯಾಗಿತ್ತು ಎಂದು ನೀನಂದೆ. ಹುಚ್ಚಿ, ನೂಲು ಬಿಗಿದ ಗುರುತು ನೇಕಾರಳಿಗೆ ತಿಳಿಯುವುದಿಲ್ಲವೇ? ಕಾಲು ಅಲುಗದಂತೆ ನೀನೇ ಕಟ್ಟಿಕೊಂಡಿದ್ದರೆ ಇನ್ನು ಬೇಡ, ಡಾಕ್ಟರಮ್ಮನ ಹತ್ತಿರ ಇಬ್ಬರೂ ಹೋಗೋಣ. ಬೇರೆ ಯಾರಾದರೂ ಕಟ್ಟಿದ್ದರೆ ಉತ್ತರ ಬರೆಯುತ್ತಾ ಕೂರಬೇಡ, ಬಸ್ಸು ಹತ್ತಿ ಬಾ. ನಿನ್ನ ಮಗ್ಗದ ಮೇಲೆ ಇನ್ನೂ ಯಾರನ್ನೂ ಕೂರಿಸಿಲ್ಲ.