ನೀವು ಅಳಿಸದ ಗೀರು

ಕ್ಯಾತನಹಳ್ಳಿ, ೧೨ ನವೆಂಬರ್ ೧೯೯೬

ಅಪ್ಪ,

ನೀವು ಹೋಗಿ ಇಪ್ಪತ್ತು ದಿನವಾಯಿತು. ಲೈಸೆನ್ಸು ನಿಮ್ಮ ಹೆಸರಿನಲ್ಲಿದ್ದುದರಿಂದ ನಾಳೆ ನಿಮ್ಮ ರಿವಾಲ್ವರನ್ನು ಪಾಂಡವಪುರ ಠಾಣೆಗೆ ಒಪ್ಪಿಸಬೇಕು. ಗುಂಡುಗಳನ್ನು ಚಿಕ್ಕಪ್ಪ ಆಗಲೇ ಒಪ್ಪಿಸಿದ್ದಾರೆ.

ಅದರ ಉಕ್ಕಿನ ಮೇಲೆ ನನ್ನ ತಪ್ಪು ಹಾಗೇ ಉಳಿದಿತ್ತು. ಹತ್ತನೇ ವಯಸ್ಸಿನಲ್ಲಿ, ಆಯುಧಪೂಜೆಯ ಬೆಳಿಗ್ಗೆ, ನಿಮ್ಮನ್ನು ಮೆಚ್ಚಿಸಲೆಂದು ಬೂದಿ, ತೆಂಗಿನನಾರು ಹಿಡಿದು ಅದನ್ನು ಸುತ್ತುಸುತ್ತಾಗಿ ತಿಕ್ಕಿ ಮೈತುಂಬ ಗೀರು ಬೀಳಿಸಿದ್ದೆ.

"ಇದೇನ್ ಮುದ್ದೆ ಪಾತ್ರೆ ಅನ್ಕೊಂಡ್ಯೇನ್ಲಾ? ಗೆರೆ ಯಾವ ಕಡೀಕ್ ಐತೋ ಆ ಕಡೀಕ್ ಉಜ್ಜಬೇಕು ಕಣ್ಲಾ" ಎಂದು ಎಲ್ಲರೆದುರು ಕೆನ್ನೆಗೆ ಹೊಡೆದಿರಿ. ಆಮೇಲೆ ನಿಮ್ಮ ಯಾವ ವಸ್ತುವನ್ನೂ ನಾನು ಮುಟ್ಟಲಿಲ್ಲ. ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಊರಿಗೆ ಬರುವುದೂ ಅಪರೂಪವಾಯಿತು.

ಇಂದು ಮಧ್ಯಾಹ್ನ ನೀವು ಹೇಳಿದಂತೆಯೇ ಮಾಡಿದೆ. ಪಾತ್ರೆ ಉಜ್ಜುವ ಹಸಿರು ನಾರಿಗೆ ಹೊಲಿಗೆ ಯಂತ್ರದ ಎಣ್ಣೆ ಹಾಕಿ, ಉಕ್ಕಿನ ನವಿರು ಗೆರೆಗಳ ಉದ್ದಕ್ಕೇ, ಒಂದೇ ದಿಕ್ಕಿಗೆ, ಹಗುರವಾಗಿ ಎಳೆದೆ. ಅರ್ಧ ಗಂಟೆಯಲ್ಲಿ ಗೀರುಗಳೆಲ್ಲ ಹೋದವು. ನೀವು ಹಿಂದೆ ನಿಂತು ನೋಡುತ್ತಿದ್ದೀರಿ ಅನ್ನಿಸಿ ಎರಡು ಸಲ ತಿರುಗಿದೆ. ಎರಡನೇ ಸಲ ಅವ್ವ ನಿಂತಿದ್ದಳು.

"ಅಯ್ಯೋ, ಅದ್ಯಾಕ್ಲಾ ಅಳಿಸ್ಬುಟ್ಟೆ? ಮೈಸೂರಿನ ಕೋವಿ ಅಂಗ್ಡಿಯೋನು ತೆಗ್ದುಕೊಡ್ತೀನಿ ಅಂದ್ರೂ ನಿಮ್ಮಪ್ಪ ಬ್ಯಾಡ ಅಂದ್ಬುಟ್ರು. 'ಮಗ ಒಂದ್ ಕಾಗ್ದ ಬರ್ಯಾಕಿಲ್ಲ, ಅವನ ಕೈಬರಹ ಅಂತ ಮನೇಲಿರೋದು ಇದೊಂದೇಯ' ಅಂತಿದ್ರು."

ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ವಾಲಿಸಿ ನೋಡಿದರೂ ಒಂದು ಸುತ್ತೂ ಕಾಣಲಿಲ್ಲ. ಕೆಲಸ ಚೊಕ್ಕವಾಗಿದೆ.

ಆಮೇಲೆ ಕೂತು ಇದನ್ನು ಬರೆದೆ. ನಿಮಗೆ ನಾನು ಬರೆದ ಮೊದಲ ಕಾಗದ.