ಎಡಕ್ಕೆ ಬಿದ್ದ ನೆರಳು

ಅಂಗಡಿಯಿಂದ,
ತಾರೀಖು ಒಂಬತ್ತು, ಬುಧವಾರ, ಊಟದ ಹೊತ್ತು

ಪ್ರೀತಿಯ ತಮ್ಮನಿಗೆ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಕೈಲಿ ಕಾಗದ ಬರೆಸಿದ್ದಕ್ಕೇ ನಿನ್ನ ಬೆನ್ನಿಗೆ ಎರಡು ಬಿಡಬೇಕು. ನಿನ್ನ ಫೋನಿಗೆ ಹನ್ನೊಂದು ಸಲ ಮಾಡಿದೆ. ಹನ್ನೊಂದು ಸಲವೂ ಯಾವಳೋ ಒಬ್ಬಳು ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದಳು. ಆರನೇ ಕ್ಲಾಸಿಗೇ ಪುಸ್ತಕ ಬಿಸಾಕಿ ಕುಂಚ ಹಿಡಿದವಳು ನಾನು. ಒಂದಡಿ ಎತ್ತರದ ಅಕ್ಷರ ಬರೆದು ಪಳಗಿದ ಕೈಗೆ ಈ ಇರುವೆ ಸಾಲು ಎಳೆಯುವುದೆಂದರೆ ಎಷ್ಟು ಕಷ್ಟ ಎಂದು ನಿನಗೇ ಗೊತ್ತು. ಈಗಾಗಲೇ ಎರಡು ಹಾಳೆ ಹರಿದಿದ್ದೇನೆ. ಹೋದ ವರ್ಷ ನಿನ್ನ ಭಾವನಿಗೆ ಸ್ವೆಟರ್ ಕಳಿಸಿದ್ದೆಯಲ್ಲ, ಆ ಪೊಟ್ಟಣದ ಬೆನ್ನ ಮೇಲಿದ್ದ ವಿಳಾಸ ನೋಡಿ ಬರೆಯುತ್ತಿದ್ದೇನೆ. ಅದೂ ಸುಳ್ಳು ವಿಳಾಸವಾಗಿದ್ದರೆ ದೇವರೇ ಗತಿ.

ಆರೋಗ್ಯ ಹೇಗಿದೆ? ಕೆಮ್ಮು ಹೋಯಿತೋ ಹಾಗೇ ಇದೆಯೋ? ಥಿನ್ನರ್ ವಾಸನೆ ನಿನಗೆ ಆಗುವುದಿಲ್ಲ. ಕೆಲಸ ಮಾಡುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತೀಯಾ? ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ, ಮುಂದೆ ಗೊತ್ತಾಗುತ್ತದೆ. ನನ್ನ ಮಂಡಿ ಮಾತ್ರ ಏಣಿಯ ನಾಲ್ಕನೇ ಮೆಟ್ಟಿಲಿನ ಮೇಲೆ ಹತ್ತುವುದಿಲ್ಲ ಎಂದು ಹಟ ಹಿಡಿದಿದೆ. ಭಾವ ಚೆನ್ನಾಗಿದ್ದಾರೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಚೆನ್ನಾಗಿದ್ದಾರೆ, ಅದೂ ನನಗೆ ಅನುಮಾನ.

ಈಗ ವಿಷಯಕ್ಕೆ ಬರುತ್ತೇನೆ. ಬಸ್ ನಿಲ್ದಾಣದ ಎದುರಿಗೆ ನೀರಿನ ಇಲಾಖೆಯ ಪಂಪ್‌ಹೌಸ್ ಇದೆಯಲ್ಲ, ಅದರ ಉದ್ದನೆಯ ಗೋಡೆ ನಿನಗೆ ನೆನಪಿರಬೇಕು. ಊರಿನ ಗಂಡಸರೆಲ್ಲ ಅದರ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು, ಯಾಕೆ ಎಂದು ಬರೆಯಬೇಕಾಗಿಲ್ಲ. ಹೋದ ತಿಂಗಳು ಆಫೀಸಿಗೆ ಮೂರು ದಿನ ಸಾಲು ರಜೆ ಬಂತು. ಆ ಮೂರು ದಿನವೂ ಹಾಡಹಗಲೇ ಗೋಡೆಗೆ ಹಸಿರು ಬಲೆ ಕಟ್ಟಿತ್ತು. ಎಲ್ಲರೂ ರಿಪೇರಿ ಇರಬೇಕು ಎಂದುಕೊಂಡರು. ನಾಲ್ಕನೇ ದಿನ ಬಲೆ ಬಿಚ್ಚಿತ್ತು. ಒಳಗಿದ್ದದ್ದು ಇಪ್ಪತ್ತಡಿ ಎತ್ತರದ ಚಿತ್ರ. ಏಣಿಯ ಮೇಲೆ ಒಬ್ಬ ಮನುಷ್ಯ, ನಮಗೆ ಬೆನ್ನು ಹಾಕಿ ನಿಂತಿದ್ದಾನೆ, ಕೈಯಲ್ಲಿ ಕುಂಚ, ಬಿಳಿ ಬನಿಯನ್ ಹೆಗಲ ಹತ್ತಿರ ಹರಿದಿದೆ. ಹೆಸರಿಲ್ಲ, ಸಹಿ ಇಲ್ಲ, ಆಫೀಸಿನ ಅಪ್ಪಣೆಯೂ ಇಲ್ಲ.

ಅಂದಿನಿಂದ ಊರು ಎರಡು ಪಾಲಾಗಿದೆ. ಡ್ರಾಯಿಂಗ್ ಮೇಷ್ಟರು ಮಕ್ಕಳನ್ನೆಲ್ಲ ಸಾಲಾಗಿ ಕರೆತಂದು ಇದು ಕಲೆ, ಕಣ್ಣು ತುಂಬ ನೋಡಿ ಎಂದು ಪಾಠ ಮಾಡಿದರು. ಆಫೀಸಿನ ಸಾಹೇಬರು ಇದು ಕಿಡಿಗೇಡಿತನ, ಸರ್ಕಾರಿ ಗೋಡೆ ಹಾಳು ಮಾಡಿದ್ದಾರೆ ಎಂದು ಕೂಗಾಡಿದರು. ಹಾಳು ಮಾಡುವುದಕ್ಕೆ ಆ ಗೋಡೆಯಲ್ಲಿ ಏನು ಉಳಿದಿತ್ತೋ ನನಗೆ ಗೊತ್ತಿಲ್ಲ. ಕ್ಷೌರದ ಅಂಗಡಿಯವನಂತೂ, "ಕಲೆಯೋ ಕೊಲೆಯೋ ಏನಾದ್ರೂ ಆಗ್ಲಿ ಅಕ್ಕಾ, ಉಚ್ಚೆ ಹೊಯ್ಯೋರು ನಿಂತ್ರಲ್ಲ, ಬಾಗಿಲು ತೆಗೆದು ಕೂತ್ಕೊಳ್ಳೋ ಹಾಗಾಯ್ತು" ಎಂದ. ನನ್ನನ್ನು ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳಿದೆ. ನನ್ನ ಶಟರಿನ ಮೇಲೆ ಯಾರಾದರೂ ಕೇಳದೆ ಕುಂಚ ಇಟ್ಟರೆ ಅವರ ಕೈ ಮುರಿಯುತ್ತೇನೆ, ಅವರು ಎಷ್ಟೇ ದೊಡ್ಡ ಕಲಾವಿದರಾಗಿರಲಿ. ಈಗಲೂ ಅದೇ ಮಾತು.

ಆದರೆ ನಾನು ಇನ್ನೊಂದು ಮಾತನ್ನೂ ಆಡಿಬಿಟ್ಟೆ. ಅದನ್ನು ಬರೆಯಲು ಕೈ ಬರುತ್ತಿಲ್ಲ. ಸಾಹೇಬರು ಅಂಗಡಿಗೆ ಬಂದು, "ಊರಲ್ಲಿ ಬಣ್ಣದ ಕೆಲಸ ನಿಮಗೆ ಗೊತ್ತಿರೋ ಹಾಗೆ ಯಾರಿಗೂ ಗೊತ್ತಿಲ್ಲ, ಯಾರ ಮೇಲೆ ಅನುಮಾನ ಹೇಳಿ" ಎಂದರು. ನನ್ನ ಅನುಮಾನಕ್ಕೇನು ಕೊರತೆ? ಮೇಷ್ಟರ ಮೇಲೆ ಇತ್ತು, ಕ್ಷೌರದವನ ಮೇಲೆ ಇತ್ತು. ಅಷ್ಟರಲ್ಲಿ ಪಂಪ್‌ಹೌಸಿನ ಕಾವಲುಗಾರ ಎದುರಿಗೇ ಹಾದುಹೋದ. ಅವನ ಬೂಟಿನ ಮೇಲೆ ನೀಲಿ ಬಣ್ಣ ಕಂಡಿತು. ಅವನನ್ನೇ ಕೇಳಿ, ಬೂಟು ನೋಡಿ ಎಂದುಬಿಟ್ಟೆ. ಅಷ್ಟೇ ಸಾಕಾಯಿತು. ಬಲೆ ಕಟ್ಟಿದಾಗ ಅಲ್ಲೇ ಇದ್ದವನು ಅವನು, ರಿಪೇರಿ ಎಂದುಕೊಂಡೆ ಎಂದರೆ ಯಾರು ನಂಬುತ್ತಾರೆ? ಅವತ್ತೇ ಅವನನ್ನು ಕೆಲಸದಿಂದ ನಿಲ್ಲಿಸಿದರು. ಇಪ್ಪತ್ತೊಂದನೇ ತಾರೀಖು ವಿಚಾರಣೆ. ಅವತ್ತು ಸರಿಯಾದ ಉತ್ತರ ಬರದಿದ್ದರೆ ಕೆಲಸ ಪೂರ್ತಿ ಹೋಗುತ್ತದೆ. ಆಮೇಲೆ ಗೊತ್ತಾಯಿತು, ಅವನು ಮನೆಯ ಕಿಟಕಿಗೆ ನೀಲಿ ಬಳಿದುಕೊಂಡಿದ್ದನಂತೆ. ಚಿತ್ರದಲ್ಲಿ ನೀಲಿ ಒಂದು ಚುಕ್ಕೆಯೂ ಇಲ್ಲ! ಬೂಟು ನೋಡಿದವಳು ಗೋಡೆಯನ್ನು ನೋಡಿರಲಿಲ್ಲ.

ಯಾಕೆ ನೋಡಿರಲಿಲ್ಲ ಎಂದು ಕೇಳಬೇಡ. ಕದ್ದು ಬರೆದದ್ದನ್ನು ನೋಡಲು ಹೋಗುವುದೂ ಮರ್ಯಾದೆಯಲ್ಲ ಎಂದು ಜಂಬ. ಆ ಗೋಡೆಗೆ ಬೂದು ಬಣ್ಣ ಬಳಿಯುವ ಕೆಲಸ ನನಗೇ ಬಂದಾಗ ಅಳತೆಗೆಂದು ಹೋದೆ. ಹೋಗಿ ತಲೆ ಎತ್ತಿದೆ. ಬೆನ್ನು ಯಾರದು ಎಂದು ಆ ಕ್ಷಣವೇ ತಿಳಿಯಿತು. ಎಡ ಹೆಗಲು ಸ್ವಲ್ಪ ಕೆಳಗೆ, ಕಿವಿಯ ಮೇಲೆ ಸೀಮೆಸುಣ್ಣದ ಕಡ್ಡಿ, ನಮ್ಮ ಅಪ್ಪನೇ. ಅಪ್ಪ ಹೋದಾಗ ನಿನಗೆ ಆರು ವರ್ಷ, ನನಗೆ ಹದಿಮೂರು. ಏಣಿಯ ಕಾಲು ಹಿಡಿದು ಮೇಲೆ ನೋಡುತ್ತಾ ನಿಲ್ಲುವುದು ನಿನ್ನ ಕೆಲಸವಾಗಿತ್ತು. ನಿನಗೆ ಮುಖಕ್ಕಿಂತ ಬೆನ್ನೇ ನೆನಪಿರಬೇಕು.

ಬೆನ್ನು ಮಾತ್ರ ಆಗಿದ್ದರೆ ಬೇರೆ ಯಾವನೋ ಬರೆದಿರಬಹುದು ಎಂದು ಸುಮ್ಮನಾಗುತ್ತಿದ್ದೆ. ಆದರೆ ಏಣಿಯ ನೆರಳು ಎಡಕ್ಕೆ ಬಿದ್ದಿತ್ತು. ಈ ಊರಿನಲ್ಲಿ ಯಾವ ಬೋರ್ಡು ನೋಡಿದರೂ ಅಕ್ಷರದ ನೆರಳು ಬಲಕ್ಕೆ. ಎಡಕ್ಕೆ ಹಾಕುವವರು ನಾವು ಮಾತ್ರ, ನಮ್ಮ ಅಂಗಡಿಗೆ ಇರುವ ಒಂದೇ ಕಿಟಕಿ ಬಲಗಡೆ ಇದೆಯಲ್ಲ, ಅದಕ್ಕೆ. ಇದು ತಪ್ಪು ಎಂದು ಜನ ಹೇಳಿದಾಗಲೆಲ್ಲ ಅಪ್ಪ, "ನಮ್ಮ ಮನೇಲಿ ಬೆಳಕು ಬರೋದೇ ಆ ಕಡೆಯಿಂದ, ನಾನೇನ್ ಮಾಡ್ಲಿ" ಎನ್ನುತ್ತಿದ್ದರು. ಅದನ್ನು ನನಗೆ ಅಪ್ಪ ಕಲಿಸಿದರು, ನಿನಗೆ ನಾನು ಕಲಿಸಿದೆ. ಮೂರನೆಯವರು ಭೂಮಿಯ ಮೇಲಿಲ್ಲ.

ಅಲ್ಲಿಂದ ನೆಟ್ಟಗೆ ಕಾವಲುಗಾರನ ಮನೆಗೆ ಹೋದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಕುರ್ಚಿ ಹಾಕಿ ನೀರು ಕೊಟ್ಟ, ಅದು ಬೈಗುಳಕ್ಕಿಂತ ಹೆಚ್ಚು ಉರಿಯಿತು. ಅವನ ಹೆಂಡತಿ ಮಾತ್ರ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಬಣ್ಣ ಮೆತ್ತಿದ ನನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು. ಬರೆದವನು ಹೇಗಿದ್ದ ಎಂದು ಕೇಳಿದೆ. ಮುಖಕ್ಕೆ ಬಟ್ಟೆ ಕಟ್ಟಿದ್ದ, ಕೆಮ್ಮುತ್ತಿದ್ದ, ಹೆಚ್ಚು ಮಾತಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ, "ಒಂದು ವಿಚಿತ್ರ ಅಕ್ಕಾ, ಶುರು ಮಾಡೋಕೆ ಮುಂಚೆ ನನ್ನನ್ನ ಕರೆದು, ಇಷ್ಟು ವರ್ಷದಿಂದ ಈ ಗೋಡೆ ಕಾಯ್ತಿರೋರು ನೀವು, ಒಂದ್ಸಲ ಅಂಗೈ ಇಡಿ ಅಂದ. ಏನೋ ಪದ್ಧತಿ ಇರಬೇಕು ಅಂತ ಇಟ್ಟೆ" ಎಂದ.

ಗೋಡೆಯ ಯಜಮಾನ ಬಂದು ಅಂಗೈ ಇಟ್ಟ ಮೇಲೇ ಅಪ್ಪ ಕುಂಚ ಅದ್ದುತ್ತಿದ್ದದ್ದು. ಅದನ್ನು ನೀನು ಮರೆತಿಲ್ಲ. ಆದರೆ ಬುದ್ಧಿಗೇಡಿ, ಕಾಯುವವನು ಯಜಮಾನನಾಗುತ್ತಾನಾ? ಆ ಅಂಗೈ ವಿಷಯ ಸಾಹೇಬರ ಕಿವಿಗೆ ಬಿದ್ದರೆ ಅಪ್ಪಣೆ ಕೊಡಲು ನೀನ್ಯಾವನು ಎಂದು ಅವನನ್ನು ಇನ್ನೂ ಮುಗಿಸುತ್ತಾರೆ. ತುಟಿ ಬಿಚ್ಚಬೇಡ ಎಂದು ಹೇಳಿ ಬಂದಿದ್ದೇನೆ.

ಮನೆಗೆ ಬಂದು ನಮ್ಮ ಏಣಿ ನೋಡಿದೆ. ತಂತಿ ಕಟ್ಟಿದ ಮೆಟ್ಟಿಲಿನ ಮೇಲೆ ಬಿಳಿಯ ಹನಿಗಳು. ನಾನು ಆ ತಿಂಗಳು ಬಿಳಿ ಡಬ್ಬ ತೆರೆದೇ ಇಲ್ಲ. ಆ ಮೂರು ರಜೆಯ ದಿನವೂ ನಿನ್ನ ಭಾವ ಗೆಳೆಯನ ತೋಟಕ್ಕೆಂದು ಬುತ್ತಿ ಕಟ್ಟಿಸಿಕೊಂಡು ಹೋಗಿದ್ದರು. ಡಬ್ಬಿ ತೊಳೆದಷ್ಟು ಖಾಲಿಯಾಗಿ ವಾಪಸ್ಸು ಬರುತ್ತಿತ್ತು. ಮೂವತ್ತು ವರ್ಷದಲ್ಲಿ ಆ ಮನುಷ್ಯ ಒಂದು ದಿನ ತರಕಾರಿ ಮುಗಿಸಿದ್ದನ್ನು ನಾನು ಕಂಡಿಲ್ಲ. ನಿನಗೆ ಹಾಗಲಕಾಯಿಯೂ ನಡೆಯುತ್ತದೆ. ಕೇಳಿದರೆ, "ಹಸಿವಿತ್ತು ಕಣೆ" ಎಂದು ಪೇಪರು ಮೇಲೆತ್ತಿಕೊಂಡರು. ಪೇಪರು ತಲೆಕೆಳಗಿತ್ತು.

ಹಾಗಾದರೆ ಮೂರು ದಿನ ನನ್ನ ಕೈ ಅಡುಗೆ ಉಂಡಿದ್ದೀಯ, ನನ್ನ ಏಣಿ ಹತ್ತಿದ್ದೀಯ, ನನ್ನ ಹೊಸ್ತಿಲು ಮಾತ್ರ ನಿನಗೆ ಬೇಡವಾಯಿತು. ಹದಿನಾಲ್ಕು ವರ್ಷದ ಹಿಂದಿನದು ಇನ್ನೂ ಹೊಟ್ಟೆಯಲ್ಲಿದೆಯಾ? ಔಷಧಿ ಅಂಗಡಿಯ ಶಟರಿಗೆ ಹೆಸರು ಬರೆದು ಬಾ ಎಂದರೆ ನೀನು ಓಡುವ ಕುದುರೆ ಬರೆದು ಬಂದೆ. ಅಂಗಡಿಯವನನ್ನು ಕೇಳಿರಲಿಲ್ಲ. ಬೀದಿ ಜನರ ಮುಂದೆ ನಾನೇ ಬಿಳಿ ಬಳಿದೆ. ಬಳಿದದ್ದು ಸರಿ, ಜನರ ಮುಂದೆ ಬಳಿದದ್ದು ಸರಿಯಲ್ಲ. ಸಂಜೆ ಅಂಗಡಿಯವನು ಬಂದು, "ಕುದುರೆ ಇರಲಿ ಅಂತ ಬಿಡಬೇಕಿತ್ತು ಅಕ್ಕಾ, ನನ್ನ ಮಗಳಿಗೆ ಇಷ್ಟ ಆಗಿತ್ತು" ಎಂದ. ಅಷ್ಟರಲ್ಲಿ ನೀನು ಬಸ್ ಹತ್ತಿಯಾಗಿತ್ತು. ಇದನ್ನು ನಿನಗೆ ಇವತ್ತಿನವರೆಗೂ ಹೇಳಿರಲಿಲ್ಲ.

ಗೋಡೆ ಇನ್ನೂ ಹಸಿಯಿದೆ, ಬೂದು ಹಿಡಿಯುವುದಿಲ್ಲ ಎಂದು ಸಾಹೇಬರಿಗೆ ಸುಳ್ಳು ಹೇಳಿ ದಿನ ತಳ್ಳುತ್ತಿದ್ದೇನೆ. ನಿನ್ನನ್ನು ಕೇಳುವುದು ಇಷ್ಟೇ, ಬರೆದವನು ನೀನಾ ಅಲ್ಲವಾ? ನೀನಾದರೆ ಕಾವಲುಗಾರನದು ಏನೂ ತಪ್ಪಿಲ್ಲ ಎಂದು ನಿನ್ನ ಕೈಯಾರೆ ಬರೆದು ಸಹಿ ಹಾಕಿ ಕಳಿಸು. ಇಪ್ಪತ್ತಡಿಯ ಚಿತ್ರಕ್ಕೆ ಹಾಕದ ಸಹಿಯನ್ನು ಒಂದು ಹಾಳೆಗೆ ಹಾಕು.

ಕೆಮ್ಮಿಗೆ ಬಿಸಿನೀರು ಕುಡಿ. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ ಅಕ್ಕ

ಮರೆತೆ: ನೀನು ಉತ್ತರ ಕೊಡದಿದ್ದರೆ ಇಪ್ಪತ್ತೊಂದಕ್ಕೆ ನಾನೇ ಹೋಗಿ, ಬರೆದದ್ದು ನಾನು ಎಂದು ಹೇಳಿ ಹೆಬ್ಬೆಟ್ಟು ಒತ್ತಿ ಸಹಿಯನ್ನೂ ಹಾಕುತ್ತೇನೆ. ಏಣಿ ನಮ್ಮದು, ಅಪ್ಪ ನಮ್ಮಪ್ಪ, ನನ್ನ ಕೈಯ ನೆರಳೂ ಎಡಕ್ಕೇ ಬೀಳುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ನನ್ನ ಲೈಸೆನ್ಸ್ ಹೋಗುತ್ತದೆ, ಅಂಗಡಿ ಮುಚ್ಚುತ್ತದೆ. ಅಷ್ಟೇ ತಾನೇ. ನಾಲ್ಕನೇ ಮೆಟ್ಟಿಲು ದಾಟದ ಮಂಡಿ ಇಪ್ಪತ್ತಡಿ ಹೇಗೆ ಹತ್ತಿತು ಎಂದು ಅವರು ಕೇಳಿದರೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ. ಹದಿನೆಂಟರ ಒಳಗೆ ನಿನ್ನ ಉತ್ತರ ಬೇಕು.