ರೋಲ್ ಇಲ್ಲದ ಕ್ಯಾಮೆರಾ

ಖಾನಾಪುರ
೧೪ ನವೆಂಬರ್ ೨೦೦೩

ಪ್ರೀತಿಯ ಮೊಮ್ಮಗಳು ಪೂರ್ಣಿಮಾಗೆ,

ಹೇಗಿದ್ದೀ ನನ್ನವ್ವಾ? ತಲೆನೋವು ಕಡಿಮೆಯಾಯಿತೇ? ಸೋಲಾಪುರದ ನೀರು ಸಂಜಯನಿಗೆ ಈಗಲಾದರೂ ಒಗ್ಗಿತೋ ಇಲ್ಲವೋ? ನಾನು ಗಟ್ಟಿ ಇದ್ದೇನೆ. ನಿಮ್ಮ ಅಜ್ಜನೂ ಗಟ್ಟಿ, ಅವರ ಹಟ ಇನ್ನೂ ಗಟ್ಟಿ. ನಮ್ಮನ್ನು ಕೇಳದೆ ನೀನು ಸಂಜಯನನ್ನು ಮದುವೆಯಾದಾಗ, “ಇನ್ನ ಆಕಿ ಮುಖಾ ನೋಡೂದಿಲ್ಲ” ಎಂದು ಕೊರಳ ಲಿಂಗ ಮುಟ್ಟಿ ಆಣೆ ಮಾಡಿದರಲ್ಲ, ಮೂರು ವರ್ಷವಾದರೂ ಅದನ್ನೇ ಹಿಡಿದು ಕೂತಿದ್ದಾರೆ. ನಿನ್ನ ಪತ್ರ ಬಂದ ದಿನ ಮಾತ್ರ ಪೇಪರು ಮುಖಕ್ಕೆ ಹಿಡಿದುಕೊಂಡು, ನಾನು ಯಾವಾಗ ಜೋರಾಗಿ ಓದುತ್ತೇನೋ ಎಂದು ಕಾಯುತ್ತಾರೆ. ನಿನ್ನನ್ನು ನೋಡದೆ ನನಗಂತೂ ಊಟ ರುಚಿಸುವುದಿಲ್ಲ ಮಗಳೇ.

ಈಗ ಸುದ್ದಿ ಕೇಳು. ಅಜ್ಜನಿಗೆ ಎಂಬತ್ತು ತುಂಬಿತೆಂದು ನಿನ್ನ ತಮ್ಮ ಓಂಕಾರ ಏನಾದರೂ ಕೊಡಿಸುತ್ತೇನೆ ಎಂದ. ಕೈಗಡಿಯಾರ ಬೇಡ, ಉಣ್ಣೆಯ ಕೋಟೂ ಬೇಡ. ಕ್ಯಾಮೆರಾ ಬೇಕಂತೆ, ಅದೂ ರೋಲ್ ಇಲ್ಲದ್ದು! ರೋಲಿನದಾದರೆ ತೊಳೆಯಲು ಸ್ಟುಡಿಯೋಕ್ಕೆ ಕೊಡಬೇಕು, ಊರ ಮಂದಿಯೆಲ್ಲ ನೋಡುತ್ತಾರೆ ಎಂದರು. ಈ ವಯಸ್ಸಿನಲ್ಲಿ ಮಂದಿ ನೋಡಬಾರದಂಥದ್ದು ಏನು ತೆಗೆಯುತ್ತಾರಪ್ಪಾ ಎಂದು ನಾನು ನಕ್ಕೆ. ಮೂವರೂ ಬಸ್ಸು ಹತ್ತಿ ಬೆಳಗಾವಿಯ ಖಡೇಬಜಾರಿಗೆ ಹೋದೆವು. ಅಂಗಡಿಯವನು ಮೊದಲು ತೋರಿಸಿದ್ದು ಸುಣ್ಣದ ಡಬ್ಬಿಯಷ್ಟೇ ಇತ್ತು, ಅಜ್ಜನ ಬೆರಳಿಗೆ ಗುಂಡಿಯೇ ಸಿಗಲಿಲ್ಲ. ಎರಡನೆಯದನ್ನು ಕಣ್ಣಿಗೆ ಹಚ್ಚಿ ನೋಡಬೇಕು. ಓಂಕಾರನಿಗೆ ಅದೇ ಹಿಡಿಸಿತ್ತು. ಇವರು ಮಾತ್ರ ಕಣ್ಣು ಹಚ್ಚಿದರೆ ನೋಡಿದ ಹಾಗೇ ಆಯಿತಲ್ಲ, ಬೇಡ ಎಂದು ತಿರುಗಿ ಕೊಟ್ಟರು. ಕ್ಯಾಮೆರಾ ಇರುವುದು ಮತ್ತೆ ಯಾತಕ್ಕೆ? ಅಂಗಡಿಯವನೂ ನನ್ನ ಮುಖ ನೋಡಿದ.

ಮೂರನೆಯದರ ಬೆನ್ನಿಗೆ ಪುಟ್ಟ ಟಿವಿಯಂಥ ಪರದೆ. ದೂರ ಹಿಡಿದರೂ ಎದುರಿಗಿದ್ದವರು ಅದರಲ್ಲಿ ಕಾಣುತ್ತಾರೆ. ಅದನ್ನು ನನ್ನ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು. ಮದುವೆಯಾದಂದಿನಿಂದ ಇಷ್ಟು ಹೊತ್ತು ನನ್ನನ್ನು ನೋಡಿದವರಲ್ಲ, ನನಗೆ ನಾಚಿಕೆಯೇ ಬಂತು. ಆಮೇಲೆ ಅಂಗಡಿಯವನನ್ನು ಕೇಳಿದರು: “ತಮ್ಮಾ, ಇದರಾಗ ಕಾಣೂದು ಮುಖಾನೋ, ಮುಖದ ಚಿತ್ರಾನೋ?”

“ಚಿತ್ರಾರೀ ಅಜ್ಜಾರ.”

“ಹಂಗಾದ್ರ ಇದನ್ನ ಕೊಡು.”

ಇದು ಸೆಲ್ ಬಹಳ ತಿನ್ನುತ್ತದೆ ಎಂದು ಅಂಗಡಿಯವನು ಹೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ. ಅಂದಿನಿಂದ ನನಗೆ ಬಿಡುವಿಲ್ಲ. ರೊಟ್ಟಿ ಬಡಿಯುವಾಗ ಕರೆದು ಬಾಗಿಲಲ್ಲಿ ನಿಲ್ಲಿಸುತ್ತಾರೆ. ಬಾಜು ಮನೆಯ ಸಂಗವ್ವ ಮಜ್ಜಿಗೆ ಕೇಳಲು ಬಂದರೆ ಅವಳನ್ನೂ ಹೊಸ್ತಿಲಲ್ಲೇ ತಡೆದು ನಿಲ್ಲಿಸುತ್ತಾರೆ. ಮೊದಮೊದಲು ಎಲ್ಲರ ತಲೆ ಕತ್ತರಿಸಿ ಹೋಗುತ್ತಿತ್ತು, ಈಗ ಮುಖ ಸರಿಯಾಗಿ ಬರುತ್ತದೆ. ಹೊಸ್ತಿಲು ಬಿಟ್ಟು ಬೇರೆಲ್ಲೂ ಫೋಟೊ ಇಲ್ಲ, ಇದೆಂಥ ಹುಚ್ಚೋ ನನಗೆ ತಿಳಿಯದು.

ಹೊತ್ತು ಹೊತ್ತಿಗೆ ಉಣ್ಣು, ಮೈ ನೋಡಿಕೋ. ಸಂಜಯನಿಗೂ ನನ್ನ ಆಶೀರ್ವಾದ ಹೇಳು. ಇಬ್ಬರೂ ನೂರು ವರ್ಷ ನಗುನಗುತ್ತಾ ಬಾಳಿರಿ.

ನಿನ್ನ ಅಜ್ಜಿ,
ಅಕ್ಕವ್ವ

ತಾ.ಕ.: ಪಾಕೀಟು ಅಂಟಿಸುತ್ತಿದ್ದೆ, ಅಜ್ಜ ಬಂದು ಯಾರಿಗೆ ಎಂದರು. ಹೇಳಿದೆ. ಕೈಯಲ್ಲಿದ್ದ ಕ್ಯಾಮೆರಾ ಎತ್ತಿ ತೋರಿಸಿ, “ಗಂಡನ್ನ ಕರಕೊಂಡು ಬಾ ಅಂತ ಬರಿ. ಆಣಿ ನಾ ಮುರಿಯೂದಿಲ್ಲ. ಆಕಿ ಬಾಗಿಲಾಗ ನಿಂದರಲಿ, ನಾ ಇದರಾಗ ನೋಡತೇನಿ” ಎಂದರು. ಇಷ್ಟು ದಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದ್ದು ಯಾತಕ್ಕೆಂದು ಆಗ ತಿಳಿಯಿತು ನೋಡು, ಅಳು ತಡೆಯಲಾಗಲಿಲ್ಲ. ಬೇಗ ಹೊರಟು ಬನ್ನಿ. ಬರುವ ದಿನ ಮೊದಲೇ ತಿಳಿಸು, ಅವತ್ತು ಬೆಳಿಗ್ಗೆಯೇ ಕ್ಯಾಮೆರಾದ ಸೆಲ್ ತೆಗೆದು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುತ್ತೇನೆ.